ನಾಲ್ಕು ತಪ್ಪಿಗೆ ಒಂದು ಸರಿ

ಜುಲೈ ಬೆಳಗಿನ ಒಂಬತ್ತಕ್ಕೆ
ಇಡೀ ಝೊಂಗುಲ್ದಾಕ್ ಒಂದೇ ಕಿಂಡಿಗೆ ಮುಗಿಬಿದ್ದ ಹಾಗೆ
ಫೋನಿನಲ್ಲಿ ಪುಟ ತೆರೆಯಲೇ ಇಲ್ಲ.
ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು,
ತೆಗೆದದ್ದರಿಂದಲೇ ಮತ್ತೆ ತೆಗೆಯುತ್ತಿದ್ದಳು.
ಕೆಟಲಿನ ಮೇಲೆ ಕೂತ ಕೆಟಲಿನಲ್ಲಿ
ಚಹಾ ಕುದಿಕುದಿದು ಕಪ್ಪಾಗಿತ್ತು.

ಆಮೇಲೆ ಬಂತು.
ರಸಾಯನ: ಚೆನ್ನಾಗಿದೆ. ಅರ್ಧ ಊಹೆ, ಅರ್ಧ ಮೊಂಡುಧೈರ್ಯ.
ಜೀವಶಾಸ್ತ್ರ: ಪರವಾಗಿಲ್ಲ.
ಗಣಿತ...
ಫೋನನ್ನು ಮಗುಚಿ ಮೇಜಿನ ಮೇಲಿಟ್ಟೆ,
ಕೈಸುಟ್ಟ ಪಾತ್ರೆ ಇಳಿಸುವ ಹಾಗೆ.

ಗಣಿತ ನನ್ನದು.
ಕೆಳಮನೆಯ ಹಾಜೆರ್ ಚಿಕ್ಕಮ್ಮ ಪರದೆಬಟ್ಟೆಗೆ ಕತ್ತರಿ ಇಡುವ ಮುಂಚೆ
ಮೆಟ್ಟಿಲ ಬುಡದಿಂದ ಕೂಗುತ್ತಿದ್ದದ್ದು ನನ್ನನ್ನು.
ಕಲ್ಲಂಗಡಿ ಹೋಳು ಮಾಡಿ ತಮ್ಮ ತಾಯ್ಫುನ್‌ಗೆ ಭಿನ್ನರಾಶಿ ತೋರಿಸಿದ್ದು ನಾನು
(ತಿಂದು ಮುಗಿಸಿ, ಶೇಷ ಸೊನ್ನೆ ಅಂದದ್ದು ಅವನು).
ಬಂದ ಗಾಡಿಯ ಸಂಖ್ಯೆಯನ್ನೆಲ್ಲ ಅಪವರ್ತನಕ್ಕೆ ಒಡೆಯುತ್ತ ನಿಂತು
ಎಷ್ಟೋ ಸಲ ನನ್ನ ಬಸ್ಸನ್ನೇ ಬಿಟ್ಟಿದ್ದೆ.
ನಮ್ಮೂರ ಫಲಕದ ಅರವತ್ತೇಳು
ಯಾರಿಗೂ ಒಡೆಯುವುದಿಲ್ಲ.
ಅದೊಂದು ಜಂಬವಿತ್ತು ನನಗೆ.

ನಿಯಮ ಗೊತ್ತೇ ಇತ್ತು:
ನಾಲ್ಕು ತಪ್ಪು ಸೇರಿದರೆ ಒಂದು ಸರಿಯನ್ನು ತಿನ್ನುತ್ತವೆ.
ಯಾವ ಸರಿಯನ್ನು ಅಂತ ಯಾರೂ ಹೇಳುವುದಿಲ್ಲ.
ಎರಡು ಪುಟ ಬೆವರಿಳಿಸಿ ಬಿಡಿಸಿದ್ದನ್ನೋ,
ನೋಡಿದ ಕೂಡಲೇ ನಕ್ಕು ಕೈಚಾಚಿದ ಆ ತ್ರಿಕೋನವನ್ನೋ?

ಮೂರು ವಾರ ಒಂದು ನಂಬಿಕೆಯ ಮೇಲೆ ಊಟ ಮಾಡಿದೆ:
ಸಾಲು ತಪ್ಪಿರಬೇಕು.
ಹದಿನೇಳನ್ನು ಖಾಲಿ ಬಿಟ್ಟವಳು
ಹದಿನೆಂಟರ ಉತ್ತರವನ್ನು ಅದರ ವೃತ್ತಕ್ಕೆ ತುಂಬಿ,
ಅಲ್ಲಿಂದಾಚೆಗೆ ಉತ್ತರಗಳೆಲ್ಲ ಒಂದೊಂದು ಮನೆ ಹಿಂದೆ,
ತಪ್ಪು ಬಾಗಿಲು ತಟ್ಟುವ ನೆಂಟರ ಹಾಗೆ
ನಿಂತಿರಬೇಕು.
ಓಣಿಯೂ ನಂಬಿತು. ಬೇಕರಿಯ ನೆಜ್ದೆತ್
ಎಳ್ಳು ಮೆತ್ತಿದ ಸಿಮಿತ್ ಕಟ್ಟಿಕೊಡುತ್ತ
'ಸಾಲು ತಪ್ಪಿತಂತಲ್ಲ, ಪಾಪ' ಅಂದ.
ಅಜ್ಜಿ ಆ ವೃತ್ತಗಳಿಗೆ ಒಂದೊಂದಾಗಿ ಶಾಪ ಹಾಕಿದಳು.

ಶುಲ್ಕ ಕಟ್ಟಿ ಅರ್ಜಿ ಹಾಕಿದ್ದಕ್ಕೆ
ನನ್ನ ಹಾಳೆಯ ಚಿತ್ರವೇ ಬಂತು.
ಯಾವ ಸಾಲೂ ತಪ್ಪಿರಲಿಲ್ಲ.
ಪ್ರತಿಯೊಂದೂ ಅದರದರ ಮನೆಯಲ್ಲೇ,
ಗೆರೆ ದಾಟದೆ, ದುಂಡಗೆ, ಅಚ್ಚುಕಟ್ಟಾಗಿ
ತಪ್ಪು.

ನಡುರಾತ್ರಿ ಅಪ್ಪ ಗಣಿಯ ಪಾಳಿ ಮುಗಿಸಿ ಬಂದ.
ರೆಪ್ಪೆಯಂಚಿಗೆ, ಸೋಪಿಗೆ ಬಗ್ಗದ ಕಲ್ಲಿದ್ದಲ ಕಾಡಿಗೆ.
ಹಾಳೆಯನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದ.
ಅವನಿಗೆ ಗಣಿತ ಬಾರದು,
ಕಪ್ಪು ಗೊತ್ತು.
'ಎಷ್ಟು ನೀಟಾಗಿ ತುಂಬಿದ್ದೀಯಲ್ಲೇ' ಅಂದ.
ನಗು ಬಂತು. ಬರಬಾರದಿತ್ತು, ಬಂತು,
ಅದರ ಬಾಲ ಹಿಡಿದುಕೊಂಡು ಅಳು.
ಅವನು ಸಮಾಧಾನ ಹೇಳಲಿಲ್ಲ.
ತಣ್ಣಗಾದ ಹುರುಳಿಕಾಯಿ ತಿನ್ನುತ್ತ
ಬ್ರೆಡ್ಡು ಮುರಿದು ಒಂದು ತುಂಡು ನನ್ನ ಕಡೆ ತಳ್ಳಿದ.
ಅರ್ಧಕ್ಕಿಂತ ದೊಡ್ಡದು. ಅಳೆದೆ, ಕಣ್ಣಲ್ಲೇ.

ಅವನು ಮಲಗಿದ ಮೇಲೆ ಹದಿನೇಳನೆಯದನ್ನು ತೆಗೆದೆ,
ಜಗಳವಾಡಿ ಮಾತು ಬಿಟ್ಟವರ ಮನೆಗೆ
ಯಾವುದೋ ನೆವ ತೆಗೆದು ಹೋಗುವ ಹಾಗೆ.
ಗಡಿಯಾರವಿಲ್ಲ. ಕಾಯುವವರಿಲ್ಲ. ಯಾರ ಪಟ್ಟಿಗೂ ಹೋಗುವುದಿಲ್ಲ.
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಬಂದರಿನ ಕಡೆ ಹಡಗೊಂದು ಕೂಗಿ ಸುಮ್ಮನಾಗುವಷ್ಟರಲ್ಲಿ
ಉತ್ತರ ಬಂತು.
ಮತ್ತೆ ತಪ್ಪು.
ಆದರೆ ಈ ಸಲದ್ದು ಬೇರೆ ತಪ್ಪು,
ಎಲ್ಲಿ ಎಡವಿದೆ ಅಂತ ಬೆರಳಿಟ್ಟು ತೋರಿಸಬಲ್ಲಂಥದ್ದು.

ಬೆಳಗ್ಗೆ ಬೇಕರಿಯಲ್ಲಿ ಹೇಳಿಬಿಟ್ಟೆ:
'ನೆಜ್ದೆತಣ್ಣ, ಸಾಲು ತಪ್ಪಿರಲಿಲ್ಲ. ಲೆಕ್ಕವೇ ತಪ್ಪಿತ್ತು.'
ಚಿಲ್ಲರೆ ಎಣಿಸುತ್ತಿದ್ದವನು ತಲೆಯೆತ್ತಿ
'ಹಾಗೋ' ಅಂದ.
ನನ್ನ ಹಿಂದಿನವರಿಗೆ ರೊಟ್ಟಿ ತೂಗಲು ತಿರುಗಿದ.
ಹೊಸ್ತಿಲಲ್ಲಿ ಮುಷ್ಟಿ ಬಿಚ್ಚಿ ನೋಡಿದರೆ
ಐದು ಲೀರಾ ಹೆಚ್ಚಿಗೆ.
ಎಣಿಸಿದೆ. ಇನ್ನೊಮ್ಮೆ ಎಣಿಸಿದೆ.
ಒಳಗೆ ಹೋಗಿ ವಾಪಸ್ಸು ಕೊಟ್ಟೆ.