ಐದನೆಯ ಎಲೆ

ಮಾಳದಲ್ಲಿ, ಘಟ್ಟದ ಬುಡದಲ್ಲಿ,
ಲಿಡಿಯಾ ಬಾಯಮ್ಮನ ಗೆಸ್ಟ್‌ಹೌಸಿಗೆ ನಾಲ್ಕು ಎಲೆ.
ಮರದ್ದಲ್ಲ,
ಗೇಟಿನ ಹಲಗೆಯ ಮೇಲೆ ಹಸಿರು ಬಣ್ಣದಲ್ಲಿ ಬರೆದದ್ದು.
ಪೇಟೆಯ ಹೋಟೆಲಿಗೆ ನಕ್ಷತ್ರವಂತೆ,
ನಮ್ಮಂಥ ಕಡೆಗೆ ಎಲೆಯಂತೆ.
ಐದನೆಯದನ್ನು ಕೊಡುವವರು ಮಂಗಳೂರಿನಿಂದ ಬರುತ್ತಾರೆಂದು
ಪಗ್ಗು ತಿಂಗಳ ಸೆಕೆಯಲ್ಲಿ ಫೋನು ಬಂತು.

ಆ ಸಂಜೆ ನಾವು ಅಡಗಿಸಿದೆವು
ಟಾರ್ಪಾಲು, ಸೊಳ್ಳೆಯ ಸುರುಳಿ,
ಬಿಳಿ ಬಟ್ಟೆಗೆ ಗುಟ್ಟಿನಲ್ಲಿ ಹಾಕುವ ನೀಲಿಯ ಡಬ್ಬಿ.
ಉಳಿದದ್ದು ಕೆಂಪು ಬಕೆಟ್ಟು.
"ಪೂವಕ್ಕ, ಇದನ್ನು ನಿನ್ನ ಮನೆಗೇ ಕೊಂಡುಹೋಗು,
ಇಲ್ಲಿ ಇದರ ನೆರಳೂ ಬೀಳಬಾರದು."
ಗುಡ್ಡ ಹತ್ತಬೇಕಾದ್ದು ನನ್ನ ಮೊಣಕಾಲು.
ಕಟ್ಟಿಗೆ ರಾಶಿಯ ಹಿಂದೆ ಕವುಚಿ ಹಾಕಿ
ಮೇಲೊಂದು ಹಾಳೆ ಮುಚ್ಚಿದೆ.
ಹೇಂಟೆ ಬಂದು ಅದರ ಮೇಲೆ ಕೂತಿತು
ಸಾಕ್ಷಿ ಹೇಳಲು ಬಂದವರ ಹಾಗೆ.

ಬಂದವಳು ಸಣ್ಣ ಹುಡುಗಿ, ಅನಘಾ ಕಿಣಿ.
ಸ್ಕೂಟರಿನಿಂದ ಬಿದ್ದು ಬಲಗೈಗೆ ಪಟ್ಟಿ,
ಎಡಗೈಯಲ್ಲಿ ಬರೆಯುತ್ತಿದ್ದಳು, ಇರುವೆ ಹರಿದ ಹಾಗೆ.
ಗೋಡೆ, ಮಂಚ, ನೀರಿನ ಟಾಂಕಿ
ಎಲ್ಲವನ್ನೂ ತಟ್ಟಿ ತಟ್ಟಿ ನೋಡಿದಳು
ಹಲಸು ಹಣ್ಣಾಯಿತೇ ಎಂಬಂತೆ.
ಬಿದ್ದ ಮರವೋ, ಕಡಿದ ಮರವೋ?
ಮುಸುರೆ ನೀರು ಎಲ್ಲಿಗೆ ಹೋಗುತ್ತದೆ?
ಬಾಯಮ್ಮ ಕೈಕಟ್ಟಿ ನಿಂತು
ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದರು.

ಆಮೇಲೆ ನನ್ನ ಕಡೆ ತಿರುಗಿದಳು.
ಎಲ್ಲಿಂದ ಬರುತ್ತೀರಿ? ಮೇಲಿನಿಂದ.
ಹೇಗೆ? ನಡೆದು.
'ಹೊಗೆ ಇಲ್ಲ' ಎಂದು ಬರೆದುಕೊಂಡಳು.
ನನ್ನ ಕಾಲಿಗೂ ಮಾರ್ಕು ಉಂಟೆಂದು
ಆವತ್ತೇ ನನಗೆ ಗೊತ್ತಾದದ್ದು.
ಮನೆಯಲ್ಲಿ ಕರೆಂಟು?
ಇಲ್ಲ. ಕಾಡಿನೊಳಗೆ ಕಂಬ ಬರುವ ಹಾಗಿಲ್ಲ.
ಓ, ಎಂದಳು.
ಪೆನ್ನು ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತು,
ಅದಕ್ಕೆ ಆ ಕಾಗದದಲ್ಲಿ ಖಾನೆ ಇರಲಿಲ್ಲ.

ರಾತ್ರಿ ಬಚ್ಚಲಿನಿಂದ ಮೆಲ್ಲನೆ ಕರೆದಳು.
ತಾಮ್ರದ ಹಂಡೆ, ಕುದಿಯುವ ನೀರು,
ಎರಡು ಕೈ ಬೇಕಾದ ತಂಬಿಗೆ.
"ಅಕ್ಕ, ಒಂದು ಬಕೆಟ್ ಸಿಗಬಹುದಾ?"
ಒಳಗೆ ಬಾಯಮ್ಮನ ಜಪಸರ ನಡೆಯುತ್ತಿತ್ತು,
ಮೂರನೆಯ ಹತ್ತು ಮುಗಿದು ನಾಲ್ಕನೆಯದು.
ನಿಂತೆ. ಅವಳ ಪಟ್ಟಿ ನೋಡಿದೆ.
ಹೋಗಿ ಕಟ್ಟಿಗೆಯ ಹಿಂದೆ
ಹೇಂಟೆಯನ್ನು ಎಬ್ಬಿಸಿದೆ.

ಬಿಸಿಗೆ ತಣ್ಣೀರು ಬೆರೆಸಿ ಮೊಣಕೈಯಿಂದ ಮುಟ್ಟಿ ನೋಡಿ
ಅವಳ ತಲೆಗೆ ನಾನೇ ಹೊಯ್ದೆ.
ಅಂಟುವಾಳದ ನೊರೆ ಕಣ್ಣಿಗಿಳಿದು
ಉರಿ, ಉರಿ ಎಂದು ಕುಣಿದಳು,
ನಾಲ್ಕು ಎಲೆ ಐದು ಎಲೆ ಎಲ್ಲ ಮರೆತು.
ಒರೆಸಿಕೊಳ್ಳುವಾಗ ನೆನಪಾಗಿರಬೇಕು:
"ಎಷ್ಟು ಲೀಟರ್ ಆಯಿತು ಅಕ್ಕ?"
"ಲೆಕ್ಕ ಇಡಲಿಲ್ಲ ಮಗಾ.
ಮೀಯುವುದು ಆಯಿತಲ್ಲ?"

ಹದಿನೈದು ದಿನಕ್ಕೆ ಕಾಗದ ಬಂತು.
ಎಲೆ ನಾಲ್ಕೇ.
ಕೊನೆಯ ಸಾಲಿನಲ್ಲಿ, ಅದೇ ಇರುವೆ ಅಕ್ಷರದಲ್ಲಿ:
ಪ್ಲಾಸ್ಟಿಕ್, ಬಕೆಟ್ಟು, ಒಂದು. ಕೆಂಪು.

ಎರಡು ದಿನ ಬಾಯಮ್ಮನಿಗೆ ಮಾತಿಲ್ಲ.
ಮೂರನೆಯ ದಿನ ಬಂಗುಡೆ ಸಾರು ಬಡಿಸುತ್ತಾ ಕೇಳಿದರು,
ಅವಳಿಗೆ ಅದು ಕಂಡದ್ದಾದರೂ ಹೇಗೆ?
ಕೋಳಿ ತೋರಿಸಿರಬೇಕು ಎಂದೆ.
ನನಗೇನೂ ಆ ಹುಡುಗಿಯ ಮೇಲೆ ಸಿಟ್ಟಿಲ್ಲ.
ಸುಳ್ಳು ಬರೆಯಲು
ಎಡಗೈಗೆ ಇನ್ನೂ ಅಭ್ಯಾಸವಾಗಿರಲಿಕ್ಕಿಲ್ಲ.

ಈಗ ಬಕೆಟ್ಟು ಬಚ್ಚಲಲ್ಲೇ ಉಂಟು,
ಬಂದವರಿಗೆಲ್ಲ ಕಾಣುವ ಹಾಗೆ.
ಬಾಯಮ್ಮ ಅದರ ಹಿಡಿಕೆಗೆ ಬಳ್ಳಿ ಸುತ್ತಿದ್ದಾರೆ,
ಬರುವ ವರ್ಷಕ್ಕೆ ಪೂರ್ತಿ ಸುತ್ತುತ್ತಾರಂತೆ,
ಬೆತ್ತದ ಬುಟ್ಟಿ ಎನ್ನುವ ಹಾಗೆ.
ಹೇಂಟೆ ಮಾತ್ರ ದಿನಾ ಸಂಜೆ
ಕಟ್ಟಿಗೆ ರಾಶಿಯ ಹಿಂದೆ ಹೋಗಿ
ಕತ್ತು ಓರೆ ಮಾಡಿ ನೋಡಿ
ಬರುತ್ತದೆ.