ಎರಡು ಬೆರಳು ಹೆಚ್ಚು

ನೇರ ಹೋದರೆ ಎಂಟುನೂರು ಚಿಲ್ಲರೆ ಕಿಲೋಮೀಟರು,
ಎರಡು ತಾಸು.
ಹಾಗೆ ಅಂದದ್ದೇ ತಪ್ಪಾಯಿತು.
ಸಿಯಾಸಿ ಕೈಗವಸು ಕಳಚಿ ಕೌಂಟರಿನ ಮೇಲಿಟ್ಟಳು:
"ಹಾಗಾದರೆ ಇವತ್ತೇ ಹೊರಡುತ್ತೇನೆ."

ನೇರ ವಿಮಾನ ಇಲ್ಲಜ್ಜಿ, ಈ ವರ್ಷವೂ ಇಲ್ಲ.
ಇಕಾಲುಯಿಟ್‌ನಿಂದ ಮೊದಲು ತೆಂಕಣಕ್ಕೆ, ಆಟವಾ, ಮೂರು ತಾಸು.
ಅಲ್ಲಿಂದ ಟೊರಾಂಟೊ. ಬೆಂಚಿನ ಮೇಲೊಂದು ರಾತ್ರಿ.
ಕಡಲು ದಾಟಿ ರೇಕ್ಯವಿಕ್. ಅಲ್ಲಿ ಎರಡು ರಾತ್ರಿ,
ಗಾಳಿ ಮುನಿದರೆ ಮೂರು.
ಆಮೇಲೆ ಮತ್ತೆ ಹಿಂದಕ್ಕೆ, ಪಡುವಣಕ್ಕೆ, ನೂಕ್.
ಪಕ್ಕದ ಮನೆಗೆ ಹೋಗಲು ಊರೆಲ್ಲ ಸುತ್ತಿ
ಹಿತ್ತಿಲ ಬಾಗಿಲು ತಟ್ಟಿದ ಹಾಗೆ.

ಗೋಡೆಯ ನಕಾಶೆಗೆ ಕೈ ಚಾಚಿದಳು.
ಹೆಬ್ಬೆರಳು ನಮ್ಮ ಮೇಲೆ, ಕಿರುಬೆರಳು ನೂಕ್ ಮೇಲೆ.
"ಗೇಣೂ ತುಂಬಲಿಲ್ಲ ನೋಡು."

ದುಡ್ಡೆಷ್ಟು? ಹೇಳಿದೆ.
"ಅಷ್ಟಕ್ಕೆ ಸ್ನೋಮೊಬೈಲ್ ಬರುತ್ತದಲ್ಲೋ,
ಆದರೆ ಅದಕ್ಕೆ ಈಜು ಬಾರದು."
ಇಬ್ಬರೂ ನಕ್ಕೆವು.
ಹಿಂದೆ ಸಾಲಿನಲ್ಲಿದ್ದ ತೆಂಕಣದ ಎಂಜಿನಿಯರು
ಗಡಿಯಾರ ನೋಡಿಕೊಂಡ.

ಯಾರನ್ನು ನೋಡಬೇಕಿತ್ತು ಅಜ್ಜಿ?
"ನನ್ನ ಅಕ್ಕನನ್ನು."
ವಯಸ್ಸು?
"ಹದಿನೇಳು ದಿನ."

ನಾನೂ ಇಲ್ಲಿಯವನೇ, ಮರುಪ್ರಶ್ನೆ ಕೇಳಲಿಲ್ಲ.
ತೀರಿಕೊಂಡವರ ಹೆಸರು ಹೊತ್ತ ಕೂಸು
ಅವರೇ ಆಗಿ ಬಂದಿರುತ್ತದೆ.
ನನ್ನ ತಾಯಿ ನನ್ನನ್ನು ಕರೆಯುವುದೇ "ಅಪ್ಪಾ" ಎಂದು,
ಬೈಯುವಾಗ ದನಿ ತಗ್ಗಿಸಿ.
ಆಚೆ ದಡದ ಇವಾಲು, ದೂರದ ನೆಂಟಳು,
ಮೊಮ್ಮಗಳಿಗೆ ಸಿಯಾಸಿಯ ಅಕ್ಕನ ಹೆಸರಿಟ್ಟಿದ್ದಾಳೆ.
ಫೋನಿನಲ್ಲಿ ಅವಳ ನಾಲ್ಕು ಮಾತಲ್ಲಿ ಮೂರು ತಿಳಿಯುತ್ತವಂತೆ.
ನಾಲ್ಕನೆಯದು ಕೂಸಿನ ಅಳು,
ಅದಂತೂ ಪೂರ್ತಿ ತಿಳಿಯುತ್ತದಂತೆ.

ಚೀಲದಿಂದ ತೆಗೆದಳು ಸೀಲ್ ಚರ್ಮದ ಬೂಟು,
ಎರಡೂ ಸೇರಿ ನನ್ನ ಅಂಗೈಯಲ್ಲಿ ಕೂತವು.
"ಇವಾದರೂ ಹೋಗಲಿ. ಎಷ್ಟು ದಿನ?"
ಪಾರ್ಸೆಲ್ಲಿಗೆ ನಾಲ್ಕು ವಾರ.
ಕಾಗದಪತ್ರ ಕೇಳಿದರೆ ಎಂಟು. ಕೇಳುತ್ತಾರೆ.
ಬೂಟಿನೊಳಗೆ ಬೆರಳು ತೂರಿ
ತುಟಿಯಲ್ಲೇ ಏನೋ ಲೆಕ್ಕ ಹಾಕಿ
ವಾಪಸು ಚೀಲಕ್ಕೆ ಹಾಕಿಕೊಂಡು ಹೊರಟೇಹೋದಳು.
ಕೈಗವಸು ಮರೆತು.

ಮೂರನೆಯ ದಿನ ಹಿಮಗಾಳಿ. ಎಲ್ಲ ವಿಮಾನ ರದ್ದು.
ಹಳದಿ ಕಟ್ಟಡದಲ್ಲಿ ನಾನೊಬ್ಬ, ಹೀಟರೊಂದು.
ಬಾಗಿಲು ದೂಡಿಕೊಂಡು ಸಿಯಾಸಿ ಬಂದಳು,
ಹುಬ್ಬಿನ ಮೇಲೆಲ್ಲ ಹಿಮ.
ಹೊಸ ಜೋಡಿ. ಅದೇ ಹೊಲಿಗೆ, ಅದೇ ಕಪ್ಪು ಅಂಚು,
ತುದಿಯಲ್ಲಿ ಮಾತ್ರ ಎರಡು ಬೆರಳು ಹೆಚ್ಚು.

ಇದು ಯಾರ ಅಳತೆ, ಕೇಳಿದೆ.
"ದಾರಿಯದ್ದು."

ಒಂದು ವೇಳೆ ಬೇಗ ಮುಟ್ಟಿಬಿಟ್ಟರೆ?

ಕೈಗವಸು ಹಾಕಿಕೊಳ್ಳುತ್ತಾ ಅಂದಳು:
"ಒಣಹುಲ್ಲು ತುರುಕಲಿ.
ನಮ್ಮಕ್ಕನಿಗೆ ಮೊದಲಿಂದಲೂ
ದೊಡ್ಡ ಬೂಟೇ ಇಷ್ಟ."