ಎರಡನೇ ಡಿಸ್ಕು

ಡಿ ಡ್ರೈವಿನ ಮೇಲೆ ಎರಡು ಸಲ ಒತ್ತಿ
ಹಾಲು ಒಲೆಗಿಟ್ಟು ಬಂದೆ. ಹಾಲು ಉಕ್ಕಿತು,
ಫೋಲ್ಡರು ತೆರೆಯಲಿಲ್ಲ.
ಆರು ವರ್ಷದ ಕಸೂತಿ ಅದರೊಳಗಿದೆ:
ಮಾವಿನಕಾಯಿ, ತೋಳಿನ ಬಳ್ಳಿ,
ಜಯಲಕ್ಷ್ಮೀಪುರದ ಮದುಮಗಳು ತಾನೇ ಬರೆದುಕೊಟ್ಟ
ಕತ್ತು ಸೊಟ್ಟ ನವಿಲು. ಶುಕ್ರವಾರಕ್ಕೆ ಬೇಕು.

'ಡಿಸ್ಕು ಹೋಯ್ತಕ್ಕ, ಹೊಸದು ಹಾಕ್ಸಿ' ಅಂದ
ಶಿವರಾಂಪೇಟೆಯ ಸಮೀವುಲ್ಲ, ಫೋನಿನಲ್ಲೇ.

ಹೊಲಿಗೆ ಹಾರಿದರೆ ನಾವು
ಮೊದಲು ಸೂಜಿ ಬದಲಿಸುತ್ತೇವೆ, ಆಮೇಲೆ ದಾರ,
ಮಿಷನ್ನನ್ನು ಬೈಯುವುದು ಕೊನೆಗೆ.
ಬಾಬಿನ್ ಬಿಚ್ಚುವ ಸ್ಕ್ರೂಡ್ರೈವರಿನಲ್ಲೇ ಡಬ್ಬಿ ಬಿಚ್ಚಿದೆ:
ಫ್ಯಾನಿಗೆ ಸುತ್ತಿದ ಜರಿ,
ಕೆ.ಜಿ. ಕೊಪ್ಪಲಿನ ಅಷ್ಟೂ ಧೂಳು,
ಮುಚ್ಚಳಕ್ಕೆ ಸಿಕ್ಕಿ ಮುರುಟಿದ ಕೆಂಪು ಕೇಬಲ್ಲು.

ಸಿ.ಡಿ. ಹಾಕುವ ತಟ್ಟೆ ಹೊರಬಂದು ಯಾವ ಕಾಲವಾಯಿತೋ.
ಅದರ ಕೇಬಲ್ಲು ಕಿತ್ತು ಇದಕ್ಕೆ ಚುಚ್ಚಿದೆ.

ನವಿಲು ಬಂತು, ಕತ್ತು ಸೊಟ್ಟಗೇ.
ಒಳಗೆ ಟಿಕ್ ಅನ್ನುವುದು ಮಾತ್ರ ನಿಂತಿಲ್ಲ;
ಸಮೀವುಲ್ಲ ಹೇಳಿದ್ದೂ ಪೂರಾ ಸುಳ್ಳಲ್ಲವೇನೋ.
ರಾತ್ರಿಯಿಡೀ ಒಂದೊಂದೇ ನಕಲು ಮಾಡುತ್ತಿದ್ದೇನೆ,
ಹಳೆಯ ಲಂಗದ ಜರಿಯಂಚು ಬಿಡಿಸಿಡುವ ಹಾಗೆ,
ಬಟ್ಟೆ ಪಿಸಿಯುವ ಮೊದಲು.